ಅಯೋವಾದ ಹಿತ್ತಲಿನಲ್ಲಿ ಬರಿ ಹಂಚು

ತಿಕೋಟಾ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು 'ಏನು ಉಂಡಿರಿ?' ಎಂದು. 'ಏನು ನೋಡಿದಿರಿ?' ಎಂಬುದು ಎರಡನೆಯ ಪ್ರಶ್ನೆ, ಅದೂ ಬಾಯಿಮಾತಿಗೆ. ಹೀಗಾಗಿ ಅಮೇರಿಕಾದ ಎತ್ತರದ ಕಟ್ಟಡಗಳನ್ನು ಬದಿಗಿಟ್ಟು ನಾನು ಒಂದು ಒಲೆಯ ಕಥೆ ಹೇಳುತ್ತೇನೆ. ಎತ್ತರದ ಕಟ್ಟಡ ನಾನು ನೋಡಿದ್ದು ಒಂದೇ, ಬಸ್ಸಿನ ಕಿಟಕಿಯಿಂದ. ಅದಕ್ಕೂ ಮುಂದಿನ ಸೀಟಿನ ಹೆಂಗಸಿನ ಟೊಪ್ಪಿಗೆ ಅಡ್ಡ ಬಂದಿತ್ತು.

ನಾನು ಕಬ್ಬಿಣದ ಮನುಷ್ಯ. ಊರು ತಿಕೋಟಾ, ಹೊಟ್ಟೆಪಾಡು ವಿಜಾಪುರದಲ್ಲಿ. ಅಥಣಿ ರಸ್ತೆಯ ಬದಿಗೆ ನನ್ನದೊಂದು ಸಣ್ಣ ಎರಕದ ಭಟ್ಟಿ ಇದೆ. ಗಾಣದ ಹಲ್ಲುಚಕ್ರ, ಬಾವಿಯ ಗಾಲಿ, ರೊಟ್ಟಿ ಬೇಯಿಸುವ ಹಂಚು, ಯಾರಿಗೆ ಏನು ಬೇಕೋ ಅದನ್ನು ಬೀಡಿನಲ್ಲಿ ಹೊಯ್ದು ಕೊಡುತ್ತೇನೆ. ಬೀಡೆಂದರೆ ಎರಕದ ಕಬ್ಬಿಣ. ಕಾದರೆ ಬೇಗ ಆರುವುದಿಲ್ಲ, ಪೆಟ್ಟು ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ನನ್ನ ಹೆಂಡತಿ ನೀಲವ್ವ ನನ್ನ ಸ್ವಭಾವವೂ ಅದೇ ಎನ್ನುತ್ತಾಳೆ. ಅರವತ್ತರ ದಶಕದ ನಡುವೆ ಸರಕಾರದವರು ಒಕ್ಕಲುತನದ ಸಲಕರಣೆ ನೋಡಿ ಬರಲೆಂದು ಕೆಲವರನ್ನು ಎರಡು ತಿಂಗಳು ಅಮೇರಿಕಾಕ್ಕೆ ಕಳಿಸಿದರು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲ ಎರಕದವನು ಸುತ್ತಮುತ್ತ ನಾನೊಬ್ಬನೇ ಇದ್ದುದರಿಂದ ನನ್ನ ಹೆಸರೂ ಬಂತು. ಅರ್ಜಿ ಬರೆಯುವುದು ಬೇರೆ, ಮಾತಾಡುವುದು ಬೇರೆ ಎಂಬುದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಹೊರಡುವ ಮುಂಚೆ ಅವ್ವನ ಕಾಲಿಗೆ ಬೀಳಲು ತಿಕೋಟಾಕ್ಕೆ ಹೋದೆ. ಅವಳು ವಿಮಾನದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಯಪ್ಪಾ, ಯಾರ ಮನಿಯಾಗ ಇರ್ತಿ, ಆ ಮನಿ ನಿನ್ನ ಮನಿ ಅಂತ ತಿಳ್ಕೋ. ಬರಿ ತೊಟ್ಟಿಲಾ ತೂಗಬ್ಯಾಡ. ಕತ್ತರಿ ಸುಮ್ನ ಕಟಕಟ ಅನಸಬ್ಯಾಡ. ಬರಿ ಹಂಚ ಉರಿ ಮ್ಯಾಲ ಕಾಯಾಕ ಬಿಡಬ್ಯಾಡ. ಮನಿಯಾಗ ಜಗಳ ಹತ್ತತಾವ," ಎಂದಳು.

ಈ ಮೂರನೆಯದಕ್ಕೆ ನನ್ನ ಹತ್ತಿರ ಪುರಾವೆಯೇ ಇತ್ತು. ನೀಲವ್ವನ ತವರು ಬಬಲೇಶ್ವರ. ಮದುವೆಯಾದ ಮೊದಲ ನಾಗರಪಂಚಮಿಗೆ ಅವಳನ್ನು ತವರಿಗೆ ಕರೆದೊಯ್ಯುವಾಗ ಬರಿಗೈಯಲ್ಲಿ ಹೋಗಬಾರದೆಂದು ಮಾವನ ಮನೆಗೆ ನಾನೇ ಒಂದು ಬೀಡಿನ ಹಂಚು ಹೊಯ್ದು ಒಯ್ದಿದ್ದೆ. ಪಂಚಮಿಯ ದಿನ ಯಾರ ಮನೆಯಲ್ಲೂ ಒಲೆಗೆ ಹಂಚು ಏರಿಸುವುದಿಲ್ಲ, ಆ ಹಬ್ಬಕ್ಕೆ ಹಂಚನ್ನೇ ಕಾಣಿಕೆ ಒಯ್ದ ಜಾಣ ನಾನು. ಹಬ್ಬ ಮುಗಿದು ಒಲೆಗೆ ಏರಿಸಿದ ವಾರದಲ್ಲೇ ಹಂಚು ನಡುವೆ ಸೀಳಿತು. ನಾನು ಮುಂದಿನ ಸಲ ಹೋದಾಗ ಮಾವ ನಾಲ್ಕು ಮಂದಿಯ ಮುಂದೆ, "ಬಂಗಾರದಂಥಾ ಮಗಳನ್ನ ಕೊಟ್ಟು ಒಡಕ ಹಂಚ ತಗೊಂಡೆ ನೋಡ್ರಿ," ಎಂದರು.

"ಬರಿ ಹಂಚ ಒಲಿ ಮ್ಯಾಲ ಬಿಟ್ಟು ಮಾತಾಡಕೋತ ಕುಂತ್ರ ಒಡೀಲಾರದ ಏನ ಮಾಡ್ತೈತ್ರಿ?" ಎಂದೆ ನಾನು.

ತಪ್ಪು ನನ್ನ ಎರಕದ್ದು ಎಂದು ಅವರು, ಅವರ ಒಲೆಯದು ಎಂದು ನಾನು. ಕೊನೆಗೆ, 'ನನ್ನ ಎರಕ ತಪ್ಪಂತ ಗೊತ್ತಾಗೋ ತನಕ ಈ ಮನಿಯಾಗ ರೊಟ್ಟಿ ಮುರಿಯೂದಿಲ್ಲ' ಎಂದು ಹೇಳಿ ಎದ್ದು ಬಂದೆ. ಆರು ವರ್ಷವಾಗಿತ್ತು. ಹಬ್ಬ ಬಂದರೆ ನೀಲವ್ವನನ್ನು ಬಸ್ಸಿಗೆ ಹತ್ತಿಸಿ, ಅಲ್ಲೇ ಒಂದು ಚಹಾ ಕುಡಿದು ಮರಳುತ್ತಿದ್ದೆ. ಅವಳು ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ನನಗೆ ಬೇಜಾರಾಗುತ್ತಿತ್ತು, ಆದರೆ ನಾನು ಸರಿ ಇದ್ದೆನಲ್ಲ!

ಅಮೇರಿಕಾದ ಬಾಗಿಲು

ಇಳಿದ ಕೂಡಲೇ ನನ್ನ ಗಂಟು ಬಿಚ್ಚಿಸಿದರು. ನೀಲವ್ವ ಕಟ್ಟಿಕೊಟ್ಟಿದ್ದ ನಲವತ್ತು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಹೊರಬಂದವು. ಅಧಿಕಾರಿ ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದು ನೋಡಿದ. ಠಕ್ ಠಕ್ ಎಂದಿತು. ಯಾವ ಯಂತ್ರದ ಭಾಗ ಎಂದು ಕೇಳಿದ. ನನ್ನ ಕಾಗದದಲ್ಲಿ ಎರಕದ ಕಸುಬಿನವನು ಎಂದಿತ್ತು, ಅವನದೂ ತಪ್ಪಿಲ್ಲ.

ಇದು ಊಟ ಎಂದೆ. ಅವನು ನಂಬಲಿಲ್ಲ. ನಂಬಿಸಲೆಂದು ಅವನ ಮುಂದೆಯೇ ಒಂದನ್ನು ಕಟುಂ ಕಟುಂ ಎಂದು ತಿಂದೆ. ಆ ಸದ್ದಿಗೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ಅಧಿಕಾರಿ ನನ್ನ ಹಲ್ಲುಗಳನ್ನು ಸ್ವಲ್ಪ ಹೊತ್ತು ಗೌರವದಿಂದ ನೋಡಿ, ಹೋಗು ಎಂದು ಕೈಮಾಡಿದ.

ಹಿತ್ತಲು, ರವಿವಾರ

ನನ್ನನ್ನು ಇಳಿಸಿದ್ದು ಅಯೋವಾ ಎಂಬ ಸೀಮೆಯ ಒಂದು ಸಣ್ಣ ಊರಲ್ಲಿ. ಸುತ್ತ ಎತ್ತ ನೋಡಿದರೂ ಗೋವಿನಜೋಳ. ಮನೆಯ ಯಜಮಾನ ವಾಲ್ಟರ್, ಟ್ರ್ಯಾಕ್ಟರಿನ ಬಿಡಿಭಾಗ ಮಾರುವವನು. ನಲವತ್ತರ ಗಡಿಯ, ಕೆಂಪು ಮುಖದ, ಒಳ್ಳೆಯ ಮನುಷ್ಯ. ಅವನ ಹೆಂಡತಿ ಡೋರಿಸ್. ಅವರ ಇಂಗ್ಲಿಷು ನನ್ನ ಕಿವಿಯಲ್ಲಿ ಹೊಕ್ಕು ಅರ್ಥವಾಗುವಾಗ ವಿಜಾಪುರದ ಮಾತಾಗಿಬಿಡುತ್ತಿತ್ತು. ಹಾಗೆ ಅರ್ಥವಾದದ್ದನ್ನೇ ಇಲ್ಲಿ ಬರೆಯುತ್ತೇನೆ. ಅವರು ನಿಜವಾಗಿ ಏನಂದರೋ ಅವರ ದೇವರಿಗೆ ಗೊತ್ತು.

ಆ ದೇಶದಲ್ಲಿ ಒಂದು ವಿಚಿತ್ರ. ಮನೆಯೊಳಗೆ ಒಂದು ಲೋಟ ನೀರನ್ನೂ ತಾನಾಗಿ ತೆಗೆದುಕೊಳ್ಳದ ಗಂಡಸು, ಹಿತ್ತಲಿಗೆ ಬಂದ ಕೂಡಲೇ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಅಡುಗೆಗೆ ನಿಲ್ಲುತ್ತಾನೆ. ಹೆಂಡತಿ ಒಳಗಿನಿಂದ ಒಲೆಯ ಹತ್ತಿರ ಬಂದರೆ, ಗುಡಿಯಲ್ಲಿ ಪೂಜಾರಿ ಗದರುವ ಹಾಗೆ ಗದರುತ್ತಾನೆ.

ವಾಲ್ಟರನ ಹಿತ್ತಲ ನಡುವೆ ಒಂದು ಕಬ್ಬಿಣದ ಕಂಬ. ಅದರ ಮೇಲೆ ಟ್ರಂಕಿನಂಥ ಪೆಟ್ಟಿಗೆ, ಅದಕ್ಕೊಂದು ಮುಚ್ಚಳ. ಪೆಟ್ಟಿಗೆಯ ತಳದಲ್ಲಿ ಗ್ಯಾಸಿನ ಉರಿ, ಮೇಲೆ ದಪ್ಪ ಸರಳುಗಳ ಜಾಲರಿ. ನೆಲದಡಿಯ ಕೊಳವೆಯಿಂದ ಗ್ಯಾಸು ಬರುತ್ತದೆ, ಚಾವಿ ತಿರುವಿದರೆ ಉರಿ. ನಮಗೆ ವಿಜಾಪುರದಲ್ಲಿ ಗ್ಯಾಸೆಂದರೆ ಮದುವೆಯ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊರುವ ಬತ್ತಿ. ಜಾಲರಿಯನ್ನು ಮಾತ್ರ ಕಂಡಕೂಡಲೇ ಗುರುತು ಹಿಡಿದೆ. ಅಪ್ಪಟ ಬೀಡು! ಏಳು ಸಮುದ್ರದಾಚೆ ಸೋದರಮಾವನನ್ನು ಕಂಡಷ್ಟು ಸಂತೋಷವಾಯಿತು.

"ಇದರ ಮ್ಯಾಲ ಸುಟ್ಟ ಮಾಂಸಕ್ಕ ಕರಿ ಗೆರಿ ಬೀಳಬೇಕು. ಕೂರಿಗಿ ಹೊಡದಂಗ, ಸಾಲಾಗಿ. ಗೆರಿ ಬೀಳಲಿಲ್ಲಂದ್ರ ಅದು ಸುಟ್ಟದ್ದಲ್ಲ, ಕುದಿಸಿದ್ದು," ಎಂದ ವಾಲ್ಟರ್.

ಈ ಗೆರೆಗಳ ಹಿಂದೆ ಒಂದು ದುಃಖವಿತ್ತು. ಡೋರಿಸ್ ನನಗೆ ಅದನ್ನು ಬಂದ ದಿನವೇ ಹೇಳಿದಳು. ಅವಳ ತಂದೆ ಅರ್ನೆಸ್ಟ್ ಆ ಊರಿನ ಹಳೆಯ ಕಮ್ಮಾರ, ಇದ್ದಿಲ ಬೆಂಕಿಯ ಮುಂದೆ ನಲವತ್ತು ವರ್ಷ ನಿಂತವನು. ಮೂರು ವರ್ಷದ ಹಿಂದೆ ವಾಲ್ಟರ್ ಈ ಹೊಸ ಒಲೆ ತಂದು ಮಾವನನ್ನು ಊಟಕ್ಕೆ ಕರೆದ. ಜಾಲರಿ ಸರಿಯಾಗಿ ಕಾದಿರಲಿಲ್ಲ, ಮಾಂಸ ಬೂದಿಬಣ್ಣವಾಗಿ ಹೊರಬಂತು. ಮುದುಕ ತಟ್ಟೆ ಸರಿಸಿ, "ಬೆಂಕಿ ಗೊತ್ತಿಲ್ಲದವಗ ಮಗಳನ್ನ ಕೊಟ್ಟೆ," ಎಂದ. "ಹಂಗಾರ ಇನ್ನಮುಂದ ನಿಮ್ಮ ಬುತ್ತಿ ನೀವ ತರ್ರಿ," ಎಂದ ವಾಲ್ಟರ್. ಅಂದಿನಿಂದ ಅರ್ನೆಸ್ಟ್ ಮಗಳ ಮನೆಗೆ ಬಂದಾಗಲೆಲ್ಲ ತಗಡಿನ ಡಬ್ಬಿಯಲ್ಲಿ ತನ್ನ ಬುತ್ತಿ ತಂದು ಅವಳ ಮುಂದೆಯೇ ಕೂತು ತಿಂದು ಹೋಗುತ್ತಿದ್ದ.

"ಬರೋ ರವಿವಾರ ಬರ್ತಾನ. ಈ ಸಲ ಗೆರಿ ಬಿತ್ತಂದ್ರ ಉಣ್ತೀನಿ ಅಂದಾನ," ಎಂದಳು ಡೋರಿಸ್. ಹೇಳುವಾಗ ಅವಳ ಕಣ್ಣು ತುಂಬಿದ್ದವು. ನನಗೆ ನೀಲವ್ವ ಒಬ್ಬಳೇ ಬಸ್ಸು ಹತ್ತುವುದು ನೆನಪಾಯಿತು. ಬೇಡದ ನೆನಪು, ಕೊಡವಿಕೊಂಡೆ.

ಈ ವಾರವೆಲ್ಲ ತಾಲೀಮು ಎಂದು ವಾಲ್ಟರ್ ಘೋಷಿಸಿದ. ಒಲೆಯ ಜೊತೆ ಬಂದ ಪುಸ್ತಿಕೆಯನ್ನು ಅವನು ಪುರಾಣದ ಹಾಗೆ ಓದುತ್ತಿದ್ದ. ಮಾಂಸದ ಪಸೆಯನ್ನು ಬಟ್ಟೆಯಿಂದ ಒತ್ತಿ ಒರೆಸು. ಎಣ್ಣೆಯನ್ನು ಜಾಲರಿಗೆ ಸುರಿಯಬೇಡ, ಮಾಂಸಕ್ಕೆ ಸವರು. ಇಟ್ಟ ಮೇಲೆ ಕೆಣಕಬೇಡ. ಎಲ್ಲಕ್ಕಿಂತ ಮೊದಲು, ಮುಚ್ಚಳ ಹಾಕಿ ಹದಿನೈದು ನಿಮಿಷ ಜಾಲರಿಯನ್ನು ಬರಿದಾಗಿ ಕಾಯಿಸು.

ಬರಿದಾಗಿ! ಅವ್ವನ ಮೂರನೆಯ ಮಾತು ನೆನಪಾಯಿತು. ವಾಲ್ಟರ್ ಉರಿ ಹಚ್ಚಿ, ಮುಚ್ಚಳ ಹಾಕಿ, ಶಿಳ್ಳೆ ಹೊಡೆಯುತ್ತ ಒಳಗೆ ಹೋದ.

ಸೋಮವಾರದಿಂದ ಶನಿವಾರದ ತನಕ

ರವಿವಾರ ಮೊದಲ ದಿನವೆಂದು ಹೇಗೋ ತಡೆದುಕೊಂಡೆ, ಮಳೆಯೂ ಬಂದು ಅಡುಗೆ ಅರ್ಧಕ್ಕೇ ನಿಂತಿತು. ಸೋಮವಾರ ಮತ್ತೆ ಬರಿ ಹಂಚು, ಮತ್ತೆ ನಾನೊಬ್ಬನೇ. ಅತಿಥಿಯಾಗಿ ಹೋದವನು 'ನಿಮ್ಮ ಮನೆಯಲ್ಲಿ ಜಗಳವಾಗುತ್ತದೆ' ಎಂದು ಬಾಯಿಬಿಟ್ಟು ಹೇಳುವುದು ಅಪಶಕುನ. ಹೇಳದೆ ಬಿಡುವುದು ಉಂಡ ಮನೆಗೆ ದ್ರೋಹ. ಎರಡು ನಿಮಿಷ ಒದ್ದಾಡಿ, ಮೆಲ್ಲಗೆ ಎದ್ದು ಚಾವಿ ತಿರುವಿ ಉರಿ ಆರಿಸಿ ಬಂದು ಕೂತೆ. ಒಂದು ಮನೆ ಉಳಿಸಿದ ಸಮಾಧಾನವಾಯಿತು.

ಹದಿನೈದು ನಿಮಿಷಕ್ಕೆ ವಾಲ್ಟರ್ ಬಂದು ಮಾಂಸ ಇಟ್ಟ. 'ಚುರ್' ಎನ್ನಲಿಲ್ಲ. ಬಗ್ಗಿ ನೋಡಿದ, ಚಾವಿ ಬಂದಾಗಿತ್ತು.

"ಡೋರಿಸ್! ನೀ ಬಂದ್ ಮಾಡಿದೇನ?"

"ನಾ ಯಾಕ ಮಾಡ್ಲಿ? ನೀ ಹಚ್ಚಿರೂದ ಇಲ್ಲ."

"ಹಚ್ಚಿದ್ದೆ!"

"ಹೋದ ವಾರ ಮೋಟಾರಿನ ಚಾವೀನೂ ಹಿಂಗ ಅಂದಿ. ಕಡೀಕ ನಿನ್ನ ಕಿಸೇದಾಗ ಇತ್ತು!"

ಅಲ್ಲಿಂದ ಮಾತು ಮೋಟಾರಿಗೆ, ಮೋಟಾರಿನಿಂದ ವಾಲ್ಟರನ ತಾಯಿಗೆ, ತಾಯಿಯಿಂದ ಡೋರಿಸಳ ತಂದೆಗೆ ಹೋಯಿತು. ನಾನು ಕೂತಲ್ಲೇ ಕೈಮುಗಿದೆ. ಎರಡೇ ನಿಮಿಷ ಬರಿ ಹಂಚು ಕಾದದ್ದಕ್ಕೆ ಇಷ್ಟು ಜಗಳ, ಹದಿನೈದು ನಿಮಿಷ ಬಿಟ್ಟಿದ್ದರೆ ಏನು ಗತಿ? ಅವ್ವನ ಮಾತು ಅಯೋವಾದಲ್ಲೂ ನಡೆಯುತ್ತದೆ ಎಂದು ಹೆಮ್ಮೆಯೂ ಆಯಿತು.

ಮಂಗಳವಾರ ಬೇರೆ ಉಪಾಯ ಮಾಡಿದೆ. ನಮ್ಮಲ್ಲಿ ರೊಟ್ಟಿ ತಡವಾದರೆ ಹೆಂಗಸರು ಹಂಚಿನ ಮೇಲೆ ಒಂದು ಚಿಟಿಕೆ ಹಿಟ್ಟು ಉದುರಿಸುತ್ತಾರೆ, ಬರಿ ಎಂಬ ಮಾತು ಬರಬಾರದೆಂದು. ಡೋರಿಸಳ ಡಬ್ಬಿಯಿಂದ ಒಂದು ಮುಷ್ಟಿ ಹಿಟ್ಟು ತಂದು, ಮುಚ್ಚಳ ಎತ್ತಿ ಉದುರಿಸಿದೆ. ಹಂಚಿಗೆ ತಳವಿರುತ್ತದೆ, ಜಾಲರಿಗೆ ಇರುವುದಿಲ್ಲ. ಎರಕ ಹೊಯ್ಯುವ ನನಗೆ ಇಷ್ಟು ತಿಳಿಯಲಿಲ್ಲ. ಹಿಟ್ಟು ಸಂದಿಯಿಂದ ಉರಿಗೆ ಬಿದ್ದು ಭಗ್ಗೆಂದಿತು, ನನ್ನ ಎಡಗಡೆಯ ಮೀಸೆ ಹೋಯಿತು. ಬಲಗಡೆಯದನ್ನು ನಾನೇ ತೆಗೆಯಬೇಕಾಯಿತು. ಈಗ ಚಿಕ್ಕವನಾಗಿ ಕಾಣುತ್ತಿ ಎಂದಳು ಡೋರಿಸ್. ನಮ್ಮೂರಲ್ಲಿ ಮೀಸೆ ಬೋಳಿಸಿದವನನ್ನು ಕಂಡರೆ ಮನೆಯಲ್ಲಿ ಯಾರು ತೀರಿಹೋದರು ಎಂದು ಕೇಳುತ್ತಾರೆ ಎಂದು ಅವಳಿಗೆ ಹೇಳಲಿಲ್ಲ.

ಬುಧವಾರ ಮತ್ತೆ ಚಾವಿಗೇ ಶರಣಾದೆ. ಮತ್ತೆ ಬೂದಿಬಣ್ಣದ ಮಾಂಸ, ಮತ್ತೆ ಜಗಳ. ಜಗಳ ಹೆಚ್ಚಾದಷ್ಟೂ ನಾನು ಹೆಚ್ಚು ಎಚ್ಚರವಾದೆ. ಮೊದಲು ಎರಡು ನಿಮಿಷಕ್ಕೆ ಆರಿಸುತ್ತಿದ್ದವನು ಈಗ ವಾಲ್ಟರನ ಬೆನ್ನು ತಿರುಗಿದ ಕೂಡಲೇ ಆರಿಸತೊಡಗಿದೆ.

ಗುರುವಾರ ಒಲೆ ರಿಪೇರಿಯವನು ಬಂದ. ಒಲೆಯನ್ನು ಪೂರಾ ಬಿಚ್ಚಿ, ಜೋಡಿಸಿ, ಉರಿ ಹಚ್ಚಿ, ಹದಿನೈದು ನಿಮಿಷ ಕದಲದೆ ಅಲ್ಲೇ ನಿಂತ. ನನಗೆ ಚಾವಿಯ ಹತ್ತಿರ ಹೋಗಲು ಆಸ್ಪದವೇ ಸಿಗಲಿಲ್ಲ. ಕೊನೆಗೆ ಅವನು ನಾಲ್ಕು ಹನಿ ನೀರು ಚಿಮುಕಿಸಿದ, ಹನಿಗಳು ಕುಣಿದು ಮಾಯವಾದವು. ಜಾಲರಿ ಒಡೆಯಲಿಲ್ಲ ಎಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ, ನಾನು ಜಗಳದ ದಾರಿ ಕಾಯುತ್ತಿದ್ದೆ.

"ಒಲ್ಯಾಗ ಏನೂ ದೋಷ ಇಲ್ರಿ. ದೋಷ ಇದ್ರ ಮನಿಯಾಗಿರಬೇಕು," ಎಂದು ಹೇಳಿ ಹೊರಟುಹೋದ.

ಎಂಥ ತಿಳಿವಳಿಕಸ್ಥ! ನಾನು ತಲೆಯಾಡಿಸಿದೆ. ಆದರೆ ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿಕೊಂಡರು, ನಂತರ ಮಾತು ಬಿಟ್ಟರು. ಆಮೇಲಿನ ಎರಡು ದಿನ ಎಲ್ಲ ಮಾತೂ ನನ್ನ ಮುಖಾಂತರ. "ಅಕೀಗ ಉಪ್ಪು ಸರಸಂತ ಹೇಳು," ಎನ್ನುವನು ವಾಲ್ಟರ್, ಅವಳು ಮೊಳ ದೂರದಲ್ಲಿ ಕೂತಿರುವಾಗ. "ಅವ್ನ ಕೈ ಮುರದಿಲ್ಲ ಅಂತ ಹೇಳು," ಎನ್ನುವಳು ಡೋರಿಸ್. ನಾನು ಎರಡನ್ನೂ ನನ್ನ ಮ್ಯಾಟ್ರಿಕ್ ಇಂಗ್ಲಿಷಿನಲ್ಲಿ ಮುಟ್ಟಿಸುತ್ತಿದ್ದೆ. ಆ ಎರಡು ದಿನದಲ್ಲಿ ನನ್ನ ಇಂಗ್ಲಿಷು ಬಹಳ ಸುಧಾರಿಸಿತು.

ರವಿವಾರ, ಮುದುಕ ಬಂದ

ಅರ್ನೆಸ್ಟ್ ಮಧ್ಯಾಹ್ನ ಬಂದ. ಎತ್ತರದ ಆಳು, ಮುಂಗೈ ತುಂಬ ಕಿಡಿ ಹಾರಿದ ಕಲೆ. ಆ ಕಲೆಗಳನ್ನು ನೋಡಿಯೇ ನನಗೆ ಬೇಕಾದವನೆನಿಸಿದ, ನನ್ನ ಕೈಯಲ್ಲೂ ಅವೇ ಇವೆ. ಕಂಕುಳಲ್ಲಿ ತಗಡಿನ ಡಬ್ಬಿ. ಗೆರೆ ಬಿದ್ದರೆ ಉಣ್ಣುತ್ತೇನೆ ಎಂದಿದ್ದರೂ ಅವನಿಗೆ ಅಳಿಯನ ಮೇಲೆ ನಂಬಿಕೆ ಇರಲಿಲ್ಲ. ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಟೊಪ್ಪಿಗೆಯನ್ನು ಕಣ್ಣಿಗೆ ಎಳೆದುಕೊಂಡ.

ವಾಲ್ಟರ್ ಉರಿ ಹಚ್ಚಿ, ಮಾಂಸ ಒರೆಸಲು ಒಳಗೆ ಹೋದ. ಡೋರಿಸ್ ಒಳಗೆ ನನ್ನ ಪಾಲಿನ ಬದನೆಕಾಯಿ ಹೆಚ್ಚುತ್ತಿದ್ದಳು, ನಾನು ಮಾಂಸ ತಿನ್ನುವವನಲ್ಲ. ಮುದುಕ ಗೊರಕೆ ಹೊಡೆಯುತ್ತಿದ್ದ. ಇವತ್ತು ಜಗಳ ಹತ್ತಿದರೆ ಡೋರಿಸಳಿಗೆ ತಂದೆ ಜನ್ಮಪೂರ್ತಿ ದೂರ ಎಂದುಕೊಂಡು, ಎದ್ದು ಹೋಗಿ ಚಾವಿ ತಿರುವಿದೆ.

"ಯಾಕ ಬಂದ್ ಮಾಡಿದಿ, ತಮ್ಮಾ?" ಟೊಪ್ಪಿಗೆಯ ಕೆಳಗಿನಿಂದ ದನಿ ಬಂತು.

ಬೇರೆ ದಾರಿ ಕಾಣದೆ ಎಲ್ಲವನ್ನೂ ಹೇಳಿದೆ. ಅವ್ವನ ಮಾತು, ಬಬಲೇಶ್ವರದ ಹಂಚು, ಮಾವ ಅಂದದ್ದು, ನಾನು ರೊಟ್ಟಿ ಬಿಟ್ಟದ್ದು. ಅವನು ನಗಲಿಲ್ಲ. ಒಬ್ಬ ಕಬ್ಬಿಣದವನು ಇನ್ನೊಬ್ಬನನ್ನು ಕೇಳುವ ಹಾಗೆ ಕೇಳಿದ.

"ಬರಿ ಕಾದರ ಬೀಡು ಒಡೀತೈತಿ ಅಂತ ಯಾರಂದ್ರು?"

"ಒಡೀತಲ್ರಿ."

"ಹೊಯ್ದದ್ದು ಯಾವಾಗ?"

"ಪಂಚಮಿಗೆ. ಮಳಿಗಾಲದಾಗ."

"ಅಚ್ಚಿನ ಉಸುಕ ಆರಿತ್ತೇನ?"

ನಮ್ಮ ಕಡೆ ಮಳೆ ಎಂಬುದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ ವರ್ಷ ಸರಿಯಾಗಿ ಆ ವಾರವೇ ಬಂದಿತ್ತು. ಹಬ್ಬಕ್ಕೆ ಮುಟ್ಟಿಸಬೇಕೆಂಬ ಅವಸರದಲ್ಲಿ ಉಸುಕು ಆರುವುದನ್ನು ನಾನು ಕಾದಿರಲಿಲ್ಲ. ಹಸಿ ಉಸುಕಿಗೆ ಕಾದ ಕಬ್ಬಿಣ ಹೊಯ್ದರೆ ಒಳಗೆ ಗುಳ್ಳೆ ಬೀಳುತ್ತದೆ, ಗುಳ್ಳೆ ಇದ್ದಲ್ಲಿ ಒಡೆಯಲು ಹತ್ತುತ್ತದೆ. ಇದು ಭಟ್ಟಿಯ ಮೊದಲ ಪಾಠ. ಆರು ವರ್ಷ ನಾನು ಅದನ್ನು ನೆನೆಸಿಕೊಂಡೇ ಇರಲಿಲ್ಲ.

"ಒಂದ ಕೆಲಸ ಮಾಡೂಣು," ಎಂದ ಅರ್ನೆಸ್ಟ್. "ಹದಿನೈದು ನಿಮಿಷ ಇಬ್ರೂ ಇಲ್ಲೇ ನೋಡಕೋತ ಕುಂದ್ರೂಣು. ಜಾಲರಿ ಒಡೀತಂದ್ರ ನೀ ಖರೇ. ಒಡೀಲಿಲ್ಲಂದ್ರ ನಿಮ್ಮ ಮಾವ ಖರೇ."

"ಮತ್ತ ನಮ್ಮವ್ವನ ಮಾತು?"

ಅವನು ಡಬ್ಬಿ ತೆರೆದು ಬುತ್ತಿಯ ಜೊತೆ ತಂದಿದ್ದ ಒಂದು ಉಳ್ಳಾಗಡ್ಡಿ ತೆಗೆದ. ಚಾಕುವಿನಿಂದ ಎರಡು ಹೋಳು ಮಾಡಿ ಒಂದನ್ನು ಜಾಲರಿಯ ಮೂಲೆಗೆ ಇಟ್ಟ.

"ಕಬ್ಬಿಣಕ್ಕ ಇದು ಬರೀನ. ನಿಮ್ಮವ್ವಗ ಬರಿ ಅಲ್ಲ. ಸಾಕಿಲ್ಲೋ?"

ಸಾಕಾಗಿತ್ತು. ಉರಿ ಹಚ್ಚಿ, ಮುಚ್ಚಳ ಹಾಕಿ, ಎರಡು ಕುರ್ಚಿ ಎಳೆದುಕೊಂಡು ಕೂತೆವು. ಸ್ವಲ್ಪ ಹೊತ್ತಿಗೆ ನನಗೊಂದು ಸಂಗತಿ ಹೊಳೆಯಿತು. ಜಾಲರಿ ಒಡೆಯದೆ ಚೆನ್ನಾಗಿ ಕಾದರೆ ನಾನು ಬಬಲೇಶ್ವರಕ್ಕೆ ಹೋಗಿ ತಲೆತಗ್ಗಿಸಿ ಉಣ್ಣಬೇಕು. ಮುದುಕ ಇಲ್ಲಿ ಅಳಿಯನ ಮುಂದೆ ತಲೆತಗ್ಗಿಸಿ ಉಣ್ಣಬೇಕು. ಅದು ಕಾಯುವುದು ನಮ್ಮಿಬ್ಬರಿಗೂ ಬೇಕಾಗಿರಲಿಲ್ಲ. ಅದು ಅವನಿಗೂ ಆಗಲೇ ಹೊಳೆದಿತ್ತೆಂದು ಕಾಣುತ್ತದೆ.

ಎಂಟನೆಯ ನಿಮಿಷಕ್ಕೆ ಅವನ ಕೈ ಮೆಲ್ಲಗೆ ಚಾವಿಯ ಕಡೆ ಹೋಯಿತು. ಹಿಡಿದುಕೊಂಡೆ.

"ಯಜಮಾನ್ರ, ಏನಿದು?"

"ಕೈ ತಾನ ಹೋತು," ಎಂದ.

ಹನ್ನೊಂದನೆಯ ನಿಮಿಷಕ್ಕೆ ನನ್ನ ಕೈ ತಾನೇ ಹೋಯಿತು. ಅವನು ಟೊಪ್ಪಿಗೆಯಿಂದ ಫಟ್ಟನೆ ಹೊಡೆದ. ಆಮೇಲೆ ಇಬ್ಬರೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆವು.

ವಾಲ್ಟರ್ ತಟ್ಟೆ ಹಿಡಿದು ಬಂದು ಮುಚ್ಚಳ ಎತ್ತಿದ. ಕಾವು ಮುಖಕ್ಕೆ ಹೊಡೆಯಿತು. ಉಳ್ಳಾಗಡ್ಡಿ ಕರಕಾಗಿತ್ತು, ಜಾಲರಿ ಇಡಿಯಾಗಿತ್ತು. ಅರ್ನೆಸ್ಟ್ ಉಳಿದ ಅರ್ಧ ಉಳ್ಳಾಗಡ್ಡಿಯನ್ನು ಮುಳ್ಳುಚಮಚಕ್ಕೆ ಚುಚ್ಚಿ ಸರಳುಗಳ ಉದ್ದಕ್ಕೂ ತಿಕ್ಕಿದ. ನಮ್ಮಲ್ಲಿ ದೋಸೆಯ ಹಂಚಿಗೆ ತಿಕ್ಕುವ ಹಾಗೆಯೇ! ವಾಲ್ಟರ್ ಮಾಂಸ ಇಟ್ಟ. ಚುರ್ರ್ ಎಂದ ಸದ್ದಿಗೆ ಡೋರಿಸ್ ಒಳಗಿನಿಂದ ಓಡಿ ಬಂದಳು.

ವಾಲ್ಟರ್ ಆಸೆ ತಡೆಯದೆ ಅಂಚು ಎತ್ತಿ ನೋಡಲು ಹೋದ.

"ಬಿಡ ಅದನ್ನ," ಎಂದ ಮಾವ. "ಬೆಂದ ಮ್ಯಾಲ ಅದ ತಾನ ಬಿಡತೈತಿ. ಅವಸರ ಮಾಡಿದ್ರ ಹರೀತೈತಿ."

ರೊಟ್ಟಿಯ ಮುಂದೆ ಕೂತು ಅವ್ವ ನೀಲವ್ವನಿಗೆ ಹೇಳುವ ಮಾತೇ ಅದು, ಅಕ್ಷರವೂ ಬದಲಿಲ್ಲ.

ಎರಡು ನಿಮಿಷಕ್ಕೆ ಅದು ತಾನೇ ಬಿಟ್ಟಿತು. ತಿರುವಿ ಹಾಕಿದರೆ ಕರಿಯ ಗೆರೆಗಳು, ಕೂರಿಗೆ ಹೊಡೆದ ಹಾಗೆ, ಸಾಲಾಗಿ. ನನ್ನ ಬದನೆಕಾಯಿಗೂ ಬಿದ್ದವು.

"ಹೇಳ್ತೀಯೋ, ನಾ ಹೇಳ್ಲ್ಯೋ?" ಎಂದು ಅರ್ನೆಸ್ಟ್ ನನ್ನ ಕಡೆ ತಿರುಗಿದ.

ಹೇಳಿದೆ. ವಾರವೆಲ್ಲ ಚಾವಿ ತಿರುವಿದವನು ನಾನು ಎಂದೆ. ವಾಲ್ಟರನ ಮುಖ ಇನ್ನಷ್ಟು ಕೆಂಪಾಯಿತು, ಬಡಿಯುತ್ತಾನೇನೋ ಎಂದುಕೊಂಡೆ. ಆದರೆ ಅವನು ನನ್ನನ್ನು ದಾಟಿ ಹೆಂಡತಿಯ ಕಡೆ ನೋಡಿದ. ಗುರುವಾರದಿಂದ ಮೊದಲ ಸಲ ನನ್ನ ಸಹಾಯವಿಲ್ಲದೆ ಅವಳೊಡನೆ ಮಾತಾಡಿದ.

"ನೀ ಬಂದ್ ಮಾಡಿರ್ಲಿಲ್ಲ."

"ನೀ ಹಚ್ಚಿದ್ದಿ," ಎಂದಳು ಡೋರಿಸ್. ಆಮೇಲೆ ಇಬ್ಬರೂ ನಗಲು ಹತ್ತಿದರು, ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು.

ಅರ್ನೆಸ್ಟ್ ತಗಡಿನ ಡಬ್ಬಿ ಮುಚ್ಚಿ ಕುರ್ಚಿಯ ಕೆಳಗೆ ತಳ್ಳಿ, ತಟ್ಟೆ ಮುಂದೆ ಚಾಚಿದ. ಮಗಳು ಬಡಿಸಿದಳು. ಒಂದು ತುಣುಕು ಬಾಯಿಗೆ ಹಾಕಿ ನಿಧಾನವಾಗಿ ಅಗಿದ. ನಾವು ಮೂವರೂ ಅವನ ದವಡೆಯನ್ನೇ ನೋಡುತ್ತಿದ್ದೆವು.

"ಉಪ್ಪು ಕಡಿಮಿ," ಎಂದ.

ಡೋರಿಸ್ ಉಪ್ಪು ತರಲು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು.

ಹೊರಡುವಾಗ ಮುದುಕ ನನ್ನ ಹೆಗಲ ಮೇಲೆ ಕೈಯಿಟ್ಟು, "ನಾ ಉಂಡೆ. ಇನ್ನ ನಿಂದು," ಎಂದ. ಆರಿದ ಮೇಲೆ ಜಾಲರಿಯನ್ನು ಬೆರಳಿನಿಂದ ಬಡಿದು ನೋಡಿದೆ. ಠಣ್ ಎಂದಿತು. ಎಲ್ಲೂ ಒಡಕಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಬಬಲೇಶ್ವರ

ಮರಳಿ ಬಂದಾಗ ಅವ್ವ ಇಡೀ ಕಥೆ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಉಂಡನೇನ ಆ ಮುದುಕ?"

"ಉಂಡ ಬೇ."

"ಮತ್ತ? ಉಳ್ಳಾಗಡ್ಡಿ ಇಟ್ಟ ಮ್ಯಾಲ ಉಂಡ. ನಾ ಹೇಳಿದ್ದ ಖರೇ ಆತು," ಎಂದು ಎದ್ದು ಹೋದಳು. ಅವ್ವನನ್ನು ಸೋಲಿಸುವ ಪುರಾವೆ ಯಾವ ದೇಶದಲ್ಲೂ ಇಲ್ಲ.

ಮುಂದಿನ ವಾರ ನೀಲವ್ವನನ್ನು ಬಸ್ಸಿಗೆ ಹತ್ತಿಸಿದೆ, ನಾನೂ ಹತ್ತಿದೆ. ಅವಳು ನನ್ನನ್ನು ಒಮ್ಮೆ, ಇನ್ನೂ ಮೊದಲಿನಷ್ಟು ದಪ್ಪವಾಗದ ಮೀಸೆಯನ್ನು ಒಮ್ಮೆ ನೋಡಿ, ಕಿಟಕಿಯ ಕಡೆ ತಿರುಗಿದಳು. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹತ್ತು ಸಲ ಹೊಯ್ದು ಹತ್ತು ಸಲ ಕರಗಿಸಿದೆ.

ಮಾವ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಆರು ವರ್ಷದಲ್ಲಿ ಅವರ ಬೆನ್ನು ಸ್ವಲ್ಪ ಬಾಗಿತ್ತು.

"ಬರ್ರಿ ಅಳಿಯಂದ್ರ," ಎಂದರು. ಯಾಕೆ ಬಂದೆ ಎಂದು ಕೇಳಲಿಲ್ಲ. ಕೈಕಾಲಿಗೆ ನೀರು ಕೊಟ್ಟರು. ಪಡಸಾಲೆಯಲ್ಲಿ ಎರಡು ತಾಟು ಇಟ್ಟರು, ಒಂದು ಅವರಿಗೆ, ಒಂದು ನನಗೆ. ಒಳಗೆ ಅತ್ತೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನೀಲವ್ವ ಬಿಸಿ ರೊಟ್ಟಿ ತಂದು ನನ್ನ ತಾಟಿಗೆ ಹಾಕಿದಳು.

ರೊಟ್ಟಿಯ ನಡುವೆ, ಈ ಅಂಚಿನಿಂದ ಆ ಅಂಚಿಗೆ, ಒಂದು ಗೆರೆ ಇತ್ತು.

ಕುತ್ತಿಗೆ ಚಾಚಿ ಅಡುಗೆಮನೆಯೊಳಗೆ ನೋಡಿದೆ. ಒಲೆಯ ಮೇಲೆ ನನ್ನ ಹಂಚೇ ಇತ್ತು. ಒಡಕು ಹಾಗೇ ಇತ್ತು, ಸುತ್ತ ತಂತಿ ಬಿಗಿದು ಕಟ್ಟಿದ್ದರು. ನೀಲವ್ವ ನೆಲ ನೋಡುತ್ತ ನಿಂತಿದ್ದಳು. ಆರು ವರ್ಷ, ಪ್ರತಿ ವರ್ಷವೂ ಬಂದು ಈ ಗೆರೆಯ ರೊಟ್ಟಿಯನ್ನೇ ಉಂಡು ಹೋಗಿದ್ದಳು, ನನಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಕೇಳುವವನೂ ಆಗಿರಲಿಲ್ಲ.

"ಅಳಿಯಾ ಕೊಟ್ಟ ಹಂಚ, ಹೆಂಗ ಒಗೀಲಿ?" ಎಂದರು ಮಾವ. "ಬುತ್ತಿ ಬಿಚ್ಚಿದ್ರ ಹೊಲದಾಗಿನ ಮಂದಿ ಕೇಳ್ತಾರ, ಇದೇನ ಗೆರಿ ಅಂತ. ಇದು ನಮ್ಮ ಅಳಿಯಂದ್ರ ಕೈಗೆರಿ ಅಂತೀನಿ."

ಬಸ್ಸಿನಲ್ಲಿ ಹೊಯ್ದಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ.

"ಉಸುಕ ಹಸಿ ಇತ್ತರಿ, ಮಾವಾರ," ಎಂದೆ.

"ಇದ್ದಿರಬೇಕು. ಅವತ್ತ ನೀವೂ ತೊಯ್ಸಕೊಂಡ ಬಂದಿದ್ರಿ." ದನಿ ಇಳಿಸಿ ಹೇಳಿದರು. "ಬರಿ ಹಂಚ ಬಿಟ್ಟ ಮಾತಾಡಕೋತ ಕುಂತದ್ದೂ ಖರೇನ ಐತ್ರಿ. ಉಣ್ರಿ, ಆರತೈತಿ."

ರೊಟ್ಟಿ ಮುರಿದೆ. ಗೆರೆಗುಂಟ ಸರಿಯಾಗಿ ಎರಡಾಯಿತು. ಒಂದು ಪಾಲನ್ನು ಅವರ ತಾಟಿಗೆ ಹಾಕಿದೆ.

"ಇನ್ನೊಂದ ಬಡೀಲೇನ್ರಿ?" ಅತ್ತೆ ಒಳಗಿನಿಂದ ಕೇಳಿದರು.

"ಬಡೀರಿ ಅತ್ತಿ," ಎಂದೆ, ಬಾಯಿತುಂಬ ರೊಟ್ಟಿ ಇಟ್ಟುಕೊಂಡು. "ಹಂಚ ಬರಿ ಇರಬಾರದು."